ಜೂಜಿನಲ್ಲಿ ಸೋತ ಪರಿಚಾರಕನ ಚಿತ್ರ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಇಂಗ್ಲಿಷ್ ಅಧ್ಯಾಪಕನಾಗಿದ್ದು ನಿವೃತ್ತನಾದವನು. ಚಾರ್ಲ್ಸ್ ಲಾಟನ್ ಅಭಿನಯಿಸಿದ 1935ರ ‘ರಗಲ್ಸ್ ಆಫ್ ರೆಡ್ ಗ್ಯಾಪ್’ ಚಿತ್ರವನ್ನು ಇತ್ತೀಚೆಗೆ ನೋಡಿ ಹೊಟ್ಟೆ ತುಂಬ ನಕ್ಕೆ. ಇದೇ ಕಥೆ 1923ರಲ್ಲಿ ಮೂಕಿ ಚಿತ್ರವಾಗಿಯೂ ಬಂದಿತ್ತೆಂದು ಓದಿದೆ. ಅದನ್ನು ಮಾಡಿದವರು ಯಾರು, ಈಗ ಎಲ್ಲಿ ನೋಡಬಹುದು? (ಧಾರವಾಡದ ಓದುಗರು)

ಉತ್ತರ: ನೋಡಲು ಸಾಧ್ಯವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 1923ರ ಅಕ್ಟೋಬರಿನಲ್ಲಿ ತೆರೆಕಂಡ ಆ ಚಿತ್ರವನ್ನು ಚಲನಚಿತ್ರ ಇತಿಹಾಸಕಾರರು ಕಳೆದುಹೋದ ಚಿತ್ರಗಳ ಪಟ್ಟಿಗೆ ಸೇರಿಸಿ ಬಹಳ ಕಾಲವಾಯಿತು. ಆದರೆ ಅದನ್ನು ಮಾಡಿದವರ ಬಗ್ಗೆ ಹೇಳಲು ಸಾಕಷ್ಟಿದೆ, ಮತ್ತು ಆ ಸಂಗತಿಗಳು ಚಿತ್ರದ ಕಥೆಯಷ್ಟೇ ಸ್ವಾರಸ್ಯವಾಗಿವೆ.

ಮೂಲ ಕೃತಿ ಅಮೆರಿಕದ ಹಾಸ್ಯ ಲೇಖಕ ಹ್ಯಾರಿ ಲಿಯಾನ್ ವಿಲ್ಸನ್ ಅವರ ಕಾದಂಬರಿ. ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1915ರಲ್ಲಿ ಪುಸ್ತಕವಾಯಿತು. ಪ್ಯಾರಿಸ್ಸಿನಲ್ಲಿ ಒಬ್ಬ ಇಂಗ್ಲಿಷ್ ಶ್ರೀಮಂತ ಪೋಕರ್ ಆಟದಲ್ಲಿ ತನ್ನ ಪರಿಚಾರಕನನ್ನೇ ಪಣಕ್ಕೊಡ್ಡಿ ಸೋಲುತ್ತಾನೆ. ಗೆದ್ದವರು ಅಮೆರಿಕದ ಪಶ್ಚಿಮದ ರೆಡ್ ಗ್ಯಾಪ್ ಎಂಬ ಊರಿನ ಹೊಸ ಹಣವಂತರು. ಧರ್ಮರಾಯನ ಜೂಜಿನ ಕಥೆ ಕೇಳಿ ಬೆಳೆದ ನಮಗೆ ಈ ಪ್ರಸಂಗ ಬೇರೆಯದೇ ಒಂದು ಬಗೆಯಲ್ಲಿ ತಟ್ಟುತ್ತದೆ. ಇಲ್ಲಿ ಸೋತುಹೋದ ರಗಲ್ಸ್ ‘ನನ್ನನ್ನು ಒಡ್ಡಲು ನಿಮಗೆ ಅಧಿಕಾರವಿತ್ತೇ’ ಎಂದು ಕೇಳುವವನಲ್ಲ. ಯಜಮಾನನ ಅಂಗಿಯ ಗುಂಡಿ ಹಾಕಿ ಮುಗಿಸಿ, ಹೊಸ ಯಜಮಾನರ ಹಿಂದೆ ಹೊರಡುವವನು. ಅವನಿಗೆ ಒಪ್ಪಿಸಿದ ಕೆಲಸ ಆ ಮನೆತನದ ಎಗ್‌ಬರ್ಟ್ ಫ್ಲೌಡ್ ಎಂಬ ಒರಟನಿಗೆ ಉಡುಪು, ನಡೆ, ನುಡಿ ಕಲಿಸುವುದು. ಆದರೆ ರೆಡ್ ಗ್ಯಾಪ್ ತಲುಪಿದ ಮೇಲೆ ಊರಿನವರು ಈ ಪರಿಚಾರಕನನ್ನೇ ಇಂಗ್ಲಿಷ್ ಕರ್ನಲ್ ಎಂದು ತಿಳಿದು ಮೆರೆಸುತ್ತಾರೆ, ಅವನೂ ಮೆಲ್ಲನೆ ತನ್ನ ಕಾಲ ಮೇಲೆ ನಿಂತು ಒಂದು ರೆಸ್ಟೊರೆಂಟ್ ತೆರೆಯುತ್ತಾನೆ. ಕ್ಲಾಂಡೈಕ್ ಕೇಟ್ ಎಂದು ಊರು ಹೀಗಳೆಯುವ ಹೆಂಗಸಿನ ಬಲೆಯಿಂದ ರಗಲ್ಸನನ್ನು ಜೂಜಿನಲ್ಲಿ ಸೋತಿದ್ದ ತಮ್ಮನನ್ನು ಬಿಡಿಸಲು ಇಂಗ್ಲೆಂಡಿನಿಂದ ಓಡಿಬಂದ ಅಣ್ಣ, ಕೊನೆಗೆ ತಾನೇ ಅವಳನ್ನು ಮದುವೆಯಾಗುತ್ತಾನೆ.

1923ರ ಚಿತ್ರವನ್ನು ಫೇಮಸ್ ಪ್ಲೇಯರ್ಸ್-ಲಾಸ್ಕಿ ಸಂಸ್ಥೆ ತಯಾರಿಸಿ ಪ್ಯಾರಮೌಂಟ್ ಹೆಸರಿನಲ್ಲಿ ಬಿಡುಗಡೆ ಮಾಡಿತು. ನಿರ್ದೇಶಕ ಜೇಮ್ಸ್ ಕ್ರೂಜ್. ಯೂಟಾ ರಾಜ್ಯದಲ್ಲಿ ಹುಟ್ಟಿ, ನಟನಾಗಿ ಹೆಸರು ಮಾಡಿ, ಆಮೇಲೆ ನಿರ್ದೇಶನಕ್ಕೆ ಬಂದ ಈ ಮನುಷ್ಯನ ಹೆಸರು ಇವತ್ತು ಯಾವುದಾದರೂ ಪುಸ್ತಕದಲ್ಲಿ ಬಂದರೆ ಅದು ‘ದ ಕವರ್ಡ್ ವ್ಯಾಗನ್’ ಚಿತ್ರದ ಜೊತೆಗೇ ಬರುತ್ತದೆ. ಡೇರೆ ಹೊದಿಸಿದ ಬಂಡಿಗಳ ಸಾಲು ಮರುಭೂಮಿ, ಹೊಳೆ ದಾಟಿ ಆರೆಗಾನಿನ ಕಡೆಗೆ ಸಾಗುವ ಆ ಗಂಭೀರ ಚಿತ್ರವೂ 1923ರದೇ, ಅದೇ ವರ್ಷದ ಮಾರ್ಚಿನದು. ಹಾಲಿವುಡ್ಡಿನಲ್ಲಿ ಭಾರಿ ವೆಚ್ಚದ ವೆಸ್ಟರ್ನ್ ಚಿತ್ರಗಳ ಪರಂಪರೆ ಅಲ್ಲಿಂದ ಮೊದಲಾಯಿತೆಂದು ಹೇಳುವುದು ವಾಡಿಕೆ.

ಈಗ ಎರಡೂ ಚಿತ್ರಗಳ ತಂಡವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಛಾಯಾಗ್ರಾಹಕ ಕಾರ್ಲ್ ಬ್ರೌನ್ ಎರಡಕ್ಕೂ ಒಬ್ಬನೇ. ಬಂಡಿಯ ಚಿತ್ರದ ನಾಯಕಿ ಲೋಯಿಸ್ ವಿಲ್ಸನ್ ಇಲ್ಲಿ ಕ್ಲಾಂಡೈಕ್ ಕೇಟ್ ಆದರು. ಅಲ್ಲಿ ಅವರ ತಂದೆಯಾಗಿದ್ದ ಚಾರ್ಲ್ಸ್ ಓಗಲ್, ಅಂದರೆ 1910ರಲ್ಲಿ ಎಡಿಸನ್ ಕಂಪನಿಯ ಚಿತ್ರದಲ್ಲಿ ಫ್ರಾಂಕೆನ್‌ಸ್ಟೈನನ ರಾಕ್ಷಸನಾಗಿ ಕಾಣಿಸಿಕೊಂಡವನು, ಇಲ್ಲಿ ರೆಡ್ ಗ್ಯಾಪಿನ ಒಬ್ಬ ನಿವಾಸಿ. ಅಲ್ಲಿ ಬಂಡಿಗಳಿಗೆ ದಾರಿ ತೋರಿಸುವ ಮುದಿ ಬೇಟೆಗಾರನಾಗಿ ಪ್ರೇಕ್ಷಕರ ಮನಗೆದ್ದ ಅರ್ನೆಸ್ಟ್ ಟೊರೆನ್ಸ್ ಇಲ್ಲಿ ಒರಟ ಎಗ್‌ಬರ್ಟ್. ಪಶ್ಚಿಮವನ್ನು ವೀರಗಾಥೆಯಾಗಿ ಹಾಡಿದವರೇ ಅದೇ ವರ್ಷ ಅದೇ ಪಶ್ಚಿಮವನ್ನು ಗೇಲಿ ಮಾಡಿದ್ದರು ಎಂಬುದೇ ಈ ಚಿತ್ರದ ಬಗ್ಗೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ. ಆ ವರ್ಷ ಕ್ರೂಜ್ ನಿರ್ದೇಶಿಸಿದ ನಾಲ್ಕು ಚಿತ್ರಗಳು ಹೊರಬಂದವು: ‘ದ ಕವರ್ಡ್ ವ್ಯಾಗನ್’, ‘ಹಾಲಿವುಡ್’, ‘ರಗಲ್ಸ್ ಆಫ್ ರೆಡ್ ಗ್ಯಾಪ್’, ‘ಟು ದ ಲೇಡೀಸ್’. ಮೊದಲನೆಯದು ಗಂಭೀರ, ಉಳಿದ ಮೂರೂ ಹಾಸ್ಯ. ಗಂಭೀರವಾದದ್ದು ಉಳಿಯಿತು, ಹಾಸ್ಯದ ಮೂರೂ ಕಳೆದುಹೋದವು. ಹಾಗಾಗಿ ಮುಕ್ಕಾಲು ಪಾಲು ನಗಿಸಿದ ನಿರ್ದೇಶಕ, ಬಂಡಿಗಳ ಹಿಂದೆ ಧೂಳೆಬ್ಬಿಸಿದವನಾಗಿ ಮಾತ್ರ ಚರಿತ್ರೆಯಲ್ಲಿ ಉಳಿದುಬಿಟ್ಟ.

ಪಾತ್ರ ಹಂಚಿಕೆಯಲ್ಲಿ ಇನ್ನೊಂದು ತಮಾಷೆಯಿದೆ. ಇಸ್ತ್ರಿ ಮುರಿಯದ ಇಂಗ್ಲಿಷ್ ಪರಿಚಾರಕ ರಗಲ್ಸ್ ಆಗಿ ಅಭಿನಯಿಸಿದ ಎಡ್ವರ್ಡ್ ಎವರೆಟ್ ಹಾರ್ಟನ್ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಅಪ್ಪಟ ಅಮೆರಿಕನ್ನ. ಅಮೆರಿಕದ ಒರಟುತನದ ಪ್ರತಿರೂಪವಾದ ಎಗ್‌ಬರ್ಟ್ ಪಾತ್ರಧಾರಿ ಟೊರೆನ್ಸ್ ಸ್ಕಾಟ್ಲೆಂಡಿನ ಎಡಿನ್‌ಬರೋದವನು, ಸಂಗೀತ ಶಾಲೆಯಲ್ಲಿ ಕಲಿತು ಆಪೆರಾದಲ್ಲಿ ಹಾಡಿದವನು. ಆಳೆತ್ತರಕ್ಕಿಂತ ಎತ್ತರದ ನಿಲುವು, ಕೊಡಲಿಯಲ್ಲಿ ಕೆತ್ತಿದಂಥ ಮುಖ ಅವನನ್ನು ಚಿತ್ರರಂಗಕ್ಕೆ ಬರುತ್ತಲೇ ಖಳನನ್ನಾಗಿ ಮಾಡಿದ್ದವು. ಮಾತು ಕೇಳಿಸದ ಕಾಲದಲ್ಲಿ ಇದೆಲ್ಲ ಸಲೀಸಾಗಿ ನಡೆಯುತ್ತಿತ್ತು. ಯಾರ ಉಚ್ಚಾರ ಯಾವ ಊರಿನದೆಂದು ಪರದೆ ಬಿಟ್ಟುಕೊಡುತ್ತಿರಲಿಲ್ಲ.

ಪ್ರಶ್ನೆ: ಮಾತಿಲ್ಲದೆ ಇಂಥ ಕಥೆಯಲ್ಲಿ ನಗು ಹೇಗೆ ಹುಟ್ಟುತ್ತದೆ? ಒಬ್ಬ ಬಿದ್ದ, ಇನ್ನೊಬ್ಬ ಒದೆ ತಿಂದ ಎಂಬ ಹಾಸ್ಯವಾದರೆ ಸರಿ. ಇದು ಪೂರ್ತಿ ಮಾತಿನ ಹಾಸ್ಯವಲ್ಲವೇ? (ಮೈಸೂರಿನ ರಂಗಭೂಮಿ ಆಸಕ್ತರು)

ಉತ್ತರ: ಕಾದಂಬರಿಯನ್ನು ಓದಿದವರಿಗೆ ನಿಮ್ಮ ಸಂದೇಹ ಇನ್ನೂ ಬಲವಾಗುತ್ತದೆ. ಅಲ್ಲಿ ಕಥೆ ಹೇಳುವವನು ರಗಲ್ಸನೇ. ಅವನ ಅತಿವಿನಯದ, ತನ್ನ ಮೂರ್ಖತನದ ಅರಿವೇ ಇಲ್ಲದ ನಿರೂಪಣೆಯಿಂದಲೇ ನಗು ಹುಟ್ಟುತ್ತದೆ. ಆ ದನಿಯನ್ನು ಕಳೆದರೆ ಏನು ಉಳಿಯುತ್ತದೆ ಎಂದು ಯಾವ ನಿರ್ದೇಶಕನಾದರೂ ಯೋಚಿಸಲೇಬೇಕು.

ಮೂಕಿಯವರಿಗೆ ಇದಕ್ಕೆ ಎರಡು ದಾರಿಗಳಿದ್ದವು. ಒಂದು, ದೃಶ್ಯಗಳ ನಡುವೆ ಬರುವ ಬರಹದ ಫಲಕಗಳು. 1920ರ ದಶಕದ ಅಮೆರಿಕದಲ್ಲಿ ಇವು ಕೇವಲ ‘ಮರುದಿನ ಬೆಳಿಗ್ಗೆ’ ಎಂದು ತಿಳಿಸುವ ಹಲಗೆಗಳಾಗಿ ಉಳಿದಿರಲಿಲ್ಲ. ಹಾಸ್ಯಚಿತ್ರಗಳಿಗೆ ಫಲಕ ಬರೆಯುವುದೇ ಒಂದು ಕಸುಬಾಗಿತ್ತು. ಒರಟನ ಮಾತನ್ನು ಅವನ ಉಚ್ಚಾರದಂತೆಯೇ ಕಾಗುಣಿತ ಕೆಡಿಸಿ, ದೊಡ್ಡಸ್ತಿಕೆಯವರ ಮಾತನ್ನು ಇದ್ದುದಕ್ಕಿಂತ ಬಿಗಿಯಾಗಿ ಬರೆಯುತ್ತಿದ್ದರು. ಪ್ರೇಕ್ಷಕರು ಅದನ್ನು ಗಟ್ಟಿಯಾಗಿ ಓದಿ ನಗುವುದೂ ಇತ್ತು.

ಎರಡನೆಯ ದಾರಿ ನಟನ ಮುಖ. ಹಾರ್ಟನ್ ಮುಂದೆ ಟಾಕಿಗಳಲ್ಲಿ, ವಿಶೇಷವಾಗಿ ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಜೋಡಿಯ ‘ಟಾಪ್ ಹ್ಯಾಟ್’ನಂಥ ನೃತ್ಯಚಿತ್ರಗಳಲ್ಲಿ, ಯಾವುದಕ್ಕೆ ಹೆಸರಾದರೋ ಅದನ್ನು ಗಮನಿಸಿದರೆ ಇದು ತಿಳಿಯುತ್ತದೆ. ಎದುರಿನವನು ಏನೋ ಹೇಳುತ್ತಾನೆ. ಹಾರ್ಟನ್ ಮುಗುಳ್ನಗುತ್ತ ತಲೆಯಾಡಿಸುತ್ತಾರೆ. ನಗು ಮುಖದ ಮೇಲೆ ಇನ್ನೂ ನಿಂತಿರುವಾಗಲೇ ಕಣ್ಣು ಒಂದು ಕ್ಷಣ ನಿಶ್ಚಲವಾಗುತ್ತದೆ. ಕೇಳಿದ್ದು ಆಗ ಅರ್ಥವಾಗತೊಡಗಿದೆ. ತುಟಿಯ ಒಂದು ಕೊನೆ ಇಳಿಯುತ್ತದೆ, ಆಮೇಲೆ ಇನ್ನೊಂದು; ಕಡೆಗೆ ಇಡೀ ಮುಖ ಕುಸಿಯುತ್ತದೆ. ಈ ಮೂರು ಹಂತದ ಅಭಿನಯಕ್ಕೆ ಒಂದು ಶಬ್ದವೂ ಬೇಕಿಲ್ಲ. ‘ನಿನ್ನನ್ನು ನಾನು ಇಸ್ಪೀಟಿನಲ್ಲಿ ಸೋತೆ’ ಎಂಬ ಮಾತನ್ನು ಕೇಳಿಸಿಕೊಳ್ಳುವ ಪರಿಚಾರಕನಿಗೆ ಇದಕ್ಕಿಂತ ಒಪ್ಪುವ ಮುಖವನ್ನು ನಾನಂತೂ ಊಹಿಸಲಾರೆ.

ಆದರೆ ಮೂಕಿಗೆ ಮೀರಿದ್ದೂ ಇತ್ತು ಎಂದು ಒಪ್ಪಬೇಕು. 1935ರ ಚಿತ್ರದಲ್ಲಿ ಅಧ್ಯಕ್ಷ ಲಿಂಕನ್ ಗೆಟಿಸ್‌ಬರ್ಗಿನ ಹೆಸರಾಂತ ಭಾಷಣದಲ್ಲಿ ಏನು ಹೇಳಿದರೆಂದು ಹೆಂಡದಂಗಡಿಯಲ್ಲಿ ಕುಳಿತ ಅಮೆರಿಕನ್ನರಲ್ಲಿ ಒಬ್ಬನಿಗೂ ನೆನಪಿಲ್ಲದಿರುವಾಗ, ಇಂಗ್ಲೆಂಡಿನ ಪರಿಚಾರಕ ಲಾಟನ್ ತಗ್ಗಿದ ದನಿಯಲ್ಲಿ ಆ ಭಾಷಣವನ್ನು ಇಡಿಯಾಗಿ ಹೇಳುವ ದೃಶ್ಯವನ್ನು ನೆನೆಯಿರಿ. ಕುಡುಕರು ಒಬ್ಬೊಬ್ಬರಾಗಿ ಎದ್ದು ಅವನ ಸುತ್ತ ಬಂದು ನಿಲ್ಲುತ್ತಾರೆ. ಆ ಪರಿಣಾಮ ಧ್ವನಿಯಿಂದಲೇ ಬಂದದ್ದು. ಅದನ್ನು ಫಲಕದ ಮೇಲೆ ಬರೆದು ತೋರಿಸಿದ್ದರೆ ಶಾಲೆಯ ಗೋಡೆಬರಹ ಓದಿದಂತೆ ಇರುತ್ತಿತ್ತು.

ಪ್ರಶ್ನೆ: ಯೂಟ್ಯೂಬಿನಲ್ಲಿ ಈ ಹೆಸರಿನ ಚಿತ್ರ ಇದೆಯಲ್ಲ, ಕಳೆದುಹೋಗಿದೆ ಎನ್ನುವುದು ಹೇಗೆ? (ತುಮಕೂರಿನ ವಿದ್ಯಾರ್ಥಿ)

ಉತ್ತರ: ಅಲ್ಲಿ ಪಾತ್ರಗಳು ಮಾತಾಡುತ್ತಿದ್ದರೆ ಅದು 1935ರದು. ಬಣ್ಣವಿದ್ದು ಹಾಸ್ಯನಟ ಬಾಬ್ ಹೋಪ್ ಕಾಣಿಸಿದರೆ ಅದು ಇದೇ ಕಥೆಯನ್ನು ಬಹಳವಾಗಿ ಬದಲಿಸಿ 1950ರಲ್ಲಿ ತೆಗೆದ ‘ಫ್ಯಾನ್ಸಿ ಪ್ಯಾಂಟ್ಸ್’. ಹಾರ್ಟನ್ ಮತ್ತು ಟೊರೆನ್ಸ್ ಒಟ್ಟಿಗೆ ಕಾಣುವ ಚಿತ್ರಪಟ ಸಿಕ್ಕರೆ ಅದು 1923ರದೇ ಇರಬಹುದು, ಆದರೆ ಅದು ನಿಶ್ಚಲ ಚಿತ್ರ, ಪ್ರಚಾರಕ್ಕೆಂದು ತೆಗೆದದ್ದು.

ಪ್ರಶ್ನೆ: ಪ್ಯಾರಮೌಂಟಿನಂಥ ದೊಡ್ಡ ಸಂಸ್ಥೆ ತನ್ನ ಚಿತ್ರವನ್ನೇ ಕಳೆದುಕೊಳ್ಳುವುದು ಹೇಗೆ ಸಾಧ್ಯ? ಬೆಂಕಿ ಬಿತ್ತೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಬೆಂಕಿ ಎಂದರೆ ಕಥೆ ಚೆನ್ನಾಗಿರುತ್ತದೆ, ಆದರೆ ಬಹಳಷ್ಟು ಚಿತ್ರಗಳು ಸತ್ತದ್ದು ಅಸಡ್ಡೆಯಿಂದ. ಬೆಂಕಿಯ ಪ್ರಸಂಗಗಳೂ ಇವೆ. 1937ರಲ್ಲಿ ನ್ಯೂಜೆರ್ಸಿಯ ಉಗ್ರಾಣವೊಂದಕ್ಕೆ ಬೆಂಕಿ ತಗುಲಿ ಫಾಕ್ಸ್ ಸಂಸ್ಥೆಯ ಮೂಕಿ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ದಿನ ಬೂದಿಯಾದವು. ಯೂನಿವರ್ಸಲ್ ಸಂಸ್ಥೆ 1948ರಲ್ಲಿ ತನ್ನಲ್ಲಿ ಉಳಿದಿದ್ದ ಮೂಕಿ ಚಿತ್ರಗಳನ್ನು ತಾನೇ ನಾಶಪಡಿಸಿತು.

ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಬಂದೂಕಿನ ಮದ್ದಿಗೆ ಬಳಸುವ ನೈಟ್ರೋಹತ್ತಿಯ ಹತ್ತಿರದ ಬಂಧು ಅದು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ಬೀಳದಿದ್ದರೂ ಅದು ತಾನಾಗಿಯೇ ಕೊಳೆಯುತ್ತದೆ. ಮೊದಲು ಚಿತ್ರ ಮಾಸಿ ಹಳದಿಗೆ ತಿರುಗುತ್ತದೆ. ಆಮೇಲೆ ಸುರುಳಿಯ ಪದರಗಳು ಬೆಲ್ಲದ ಪಾಕದಂತೆ ಅಂಟಿಕೊಳ್ಳುತ್ತವೆ, ಗುಳ್ಳೆಯೆದ್ದು ಜೇನಿನ ಬಣ್ಣದ ನೊರೆ ಬರುತ್ತದೆ, ಮೂಗು ಸುಡುವ ವಾಸನೆ ಹೊರಡುತ್ತದೆ. ಕಡೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದರೆ ಕಾಣುವುದು ಕಂದು ಬಣ್ಣದ ಪುಡಿ. ಒಂದು ಡಬ್ಬಿ ಕೆಟ್ಟರೆ ಅದರ ಆವಿ ಪಕ್ಕದ ಡಬ್ಬಿಯನ್ನೂ ಕೆಡಿಸುತ್ತದೆ. ತಂಪಿನಲ್ಲಿಟ್ಟರೆ ಈ ಕೊಳೆತ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ತಂಪಿನಲ್ಲಿಡಲು ಹಣ ಬೇಕು, ಹಣ ಹಾಕಲು ಕಾರಣ ಬೇಕು. ಮೂಕಿ ಚಿತ್ರದ ಪ್ರತಿಗಳು ದೊಡ್ಡ ನಗರಗಳಿಂದ ಸಣ್ಣ ಊರುಗಳಿಗೆ ತಿರುಗಿ, ಗೀಚುಬಿದ್ದು ಹಿಂದಿರುಗುತ್ತಿದ್ದವು. ಹಿಂದಿರುಗಿದವನ್ನು ಕರಗಿಸಿ ಅದರಲ್ಲಿದ್ದ ಬೆಳ್ಳಿ ತೆಗೆಯುತ್ತಿದ್ದರು. 1927ರ ನಂತರ ಟಾಕಿಗಳು ಬಂದು ಎರಡು ಮೂರು ವರ್ಷಗಳಲ್ಲಿ ಮೂಕಿಗೆ ಕೊಳ್ಳುವವರೇ ಇಲ್ಲದಂತಾಯಿತು. ಅದೂ ಸಾಲದೆಂಬಂತೆ ‘ರಗಲ್ಸ್’ ಕಥೆಯನ್ನು ಪ್ಯಾರಮೌಂಟೇ 1935ರಲ್ಲಿ ಮತ್ತೆ ತೆಗೆಯಿತು. ಹೊಸದು ಮಾತಾಡುತ್ತಿರುವಾಗ ಹಳೆಯ ಮೂಕನನ್ನು ಸಾಕುವ ವ್ಯಾಪಾರಿ ಯಾರು? 1960ರ ದಶಕದ ಕೊನೆಯಲ್ಲಿ ಆ ಸಂಸ್ಥೆ ತನ್ನಲ್ಲಿ ಉಳಿದ ಮೂಕಿ ಚಿತ್ರಗಳನ್ನು ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಮೂಲಕ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಒಪ್ಪಿಸಿತು. ಅಷ್ಟು ಹೊತ್ತಿಗೆ ಬಹಳಷ್ಟು ಮುಗಿದುಹೋಗಿತ್ತು.

ಅದೇ ಗ್ರಂಥಾಲಯದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. ಆರಂಭದ ವರ್ಷಗಳಲ್ಲಿ ಚಲನಚಿತ್ರಕ್ಕೆ ಹಕ್ಕುಸ್ವಾಮ್ಯದ ಕಾನೂನೇ ಇರಲಿಲ್ಲವಾದ್ದರಿಂದ, ಒಂದೊಂದು ಚೌಕಟ್ಟನ್ನೂ ಫೋಟೊ ಕಾಗದದ ಉದ್ದ ಪಟ್ಟಿಯ ಮೇಲೆ ಅಚ್ಚುಹಾಕಿ, ಇದು ಛಾಯಾಚಿತ್ರ ಎಂದು ನೋಂದಾಯಿಸುತ್ತಿದ್ದರು. ಕಾಗದ ಕೊಳೆಯಲಿಲ್ಲ, ಸುಮಾರು 3,000 ಚಿತ್ರಗಳು ಹೀಗೆ ಉಳಿದವು. 1912ರಲ್ಲಿ ಚಲನಚಿತ್ರಕ್ಕೆಂದೇ ಕಾನೂನು ಬಂದ ಮೇಲೆ ಗ್ರಂಥಾಲಯ ಕಥಾಸಾರದ ಕಾಗದಗಳನ್ನು ಇಟ್ಟುಕೊಂಡು ಅಪಾಯಕಾರಿಯಾದ ನೈಟ್ರೇಟ್ ಸುರುಳಿಗಳನ್ನು ತಯಾರಕರಿಗೇ ಹಿಂದಿರುಗಿಸತೊಡಗಿತು. ಹೀಗಾಗಿ ಕಾನೂನಿಲ್ಲದ ಕಾಲದ ತುಂಡು ಚಿತ್ರಗಳು ಇವತ್ತಿಗೂ ಓಡುತ್ತವೆ, ಕಾನೂನಿನ ರಕ್ಷಣೆ ಪಡೆದ 1923ರ ಪೂರ್ಣ ಚಿತ್ರ ಇಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಮೆರಿಕದ 10,919 ಮೂಕಿ ಕಥಾಚಿತ್ರಗಳಲ್ಲಿ ಶೇ. 14ರಷ್ಟು ಮಾತ್ರ ಮೂಲ ರೂಪದ ಪೂರ್ಣ ಪ್ರತಿಗಳಾಗಿ ಉಳಿದಿವೆ, ಸುಮಾರು ಶೇ. 70ರಷ್ಟು ಪೂರ್ತಿಯಾಗಿ ಕಳೆದಿವೆ.

ಪ್ರಶ್ನೆ: ಮುಂದೆ ಎಂದಾದರೂ ಸಿಗುವ ಆಸೆ ಇದೆಯೇ? ಸಿಗುವವರೆಗೆ ಅದರ ರುಚಿಯನ್ನು ತಿಳಿಯಲು ಏನು ನೋಡಬೇಕು? (ಬೆಂಗಳೂರಿನ ಓದುಗರು)

ಉತ್ತರ: ಆಸೆಯನ್ನು ಪೂರ್ತಿ ಬಿಡಬೇಕಿಲ್ಲ. ಚಿತ್ರಗಳು ಸಿಕ್ಕಿರುವುದು ಹೆಚ್ಚಾಗಿ ಪ್ರದರ್ಶನದ ಸರಣಿಯ ಕಟ್ಟಕಡೆಯ ಊರುಗಳಲ್ಲಿ. ಕೆನಡಾದ ಡಾಸನ್ ಸಿಟಿ ಅಂಥದೊಂದು. ಸುರುಳಿ ಅಲ್ಲಿಗೆ ತಲುಪುವಷ್ಟರಲ್ಲಿ ಹಳತಾಗಿರುತ್ತಿತ್ತು, ಹಿಂದಕ್ಕೆ ಸಾಗಿಸುವ ಖರ್ಚು ಕೊಡಲು ವಿತರಕರು ಒಪ್ಪುತ್ತಿರಲಿಲ್ಲ. ಕಡೆಗೆ ಅಲ್ಲಿನವರು ಸುರುಳಿಗಳನ್ನು ಹಳೆಯ ಈಜುಕೊಳ ತುಂಬಿಸಲು ಬಳಸಿ ಮೇಲೆ ಮಣ್ಣು ಹಾಕಿದರು. 1978ರಲ್ಲಿ ಅಗೆಯುವಾಗ ಹಿಮಗಟ್ಟಿದ ನೆಲದಡಿಯಿಂದ 500ಕ್ಕೂ ಹೆಚ್ಚು ಸುರುಳಿಗಳು ಎದ್ದುಬಂದವು. ಚಿನ್ನದ ಬೇಟೆಗೆ ಹೆಸರಾದ ಕ್ಲಾಂಡೈಕ್ ಸೀಮೆಯ ಊರು ಅದು. ನಮ್ಮ ಚಿತ್ರದ ಕೇಟ್‌ಗೆ ಅಡ್ಡಹೆಸರು ಕೊಟ್ಟ ಸೀಮೆಯೂ ಅದೇ. 2010ರಲ್ಲಿ ನ್ಯೂಜಿಲೆಂಡಿನ ಸಂಗ್ರಹದಿಂದ ಸುಮಾರು 75 ಅಮೆರಿಕನ್ ಚಿತ್ರಗಳು ಬೆಳಕಿಗೆ ಬಂದಾಗ ಅವುಗಳಲ್ಲಿ ಜಾನ್ ಫೋರ್ಡ್ 1927ರಲ್ಲಿ ತೆಗೆದ ‘ಅಪ್‌ಸ್ಟ್ರೀಮ್’ ಕೂಡ ಇತ್ತು.

ವಿದೇಶದಲ್ಲಿ ಸಿಕ್ಕ ಪ್ರತಿಗೆ ಒಂದು ತೊಡಕಿದೆ. ಆಗ ಎರಡು ಕ್ಯಾಮೆರಾಗಳನ್ನು ಪಕ್ಕಪಕ್ಕ ನಿಲ್ಲಿಸಿ, ಒಂದರ ನೆಗೆಟಿವ್ ದೇಶದೊಳಕ್ಕೆ, ಇನ್ನೊಂದರದು ಹೊರದೇಶಕ್ಕೆ ಎಂದು ಬಳಸುವ ರೂಢಿಯಿತ್ತು. ಬರಹದ ಫಲಕಗಳೂ ಆಯಾ ದೇಶದ ಭಾಷೆಯವು. ನಾಳೆ ಎಲ್ಲೋ ‘ರಗಲ್ಸ್’ ಸಿಕ್ಕರೂ ಅದರ ನಗು ಬೇರೊಂದು ಭಾಷೆಯ ಫಲಕದಲ್ಲಿ ಕುಳಿತಿರುವ ಸಂಭವವಿದೆ.

ರುಚಿ ನೋಡಲು ನಾನು ಎರಡನ್ನು ಹೇಳುತ್ತೇನೆ. ಟೊರೆನ್ಸನ ಹಾಸ್ಯ ಬೇಕಾದರೆ ಬಸ್ಟರ್ ಕೀಟನ್‌ನ 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ನೋಡಿ. ದೈತ್ಯ ದೇಹದ ದೋಣಿಯ ಯಜಮಾನ, ಪೇಟೆಯಲ್ಲಿ ಓದಿ ಬಂದ ಪುಟ್ಟ ಮಗನ ಟೋಪಿಯನ್ನೂ ಎಳೆ ಮೀಸೆಯನ್ನೂ ನೋಡಿ ನಾಚಿ ಸಾಯುವ ದೃಶ್ಯವೊಂದೇ ಸಾಕು. ‘ದ ಕವರ್ಡ್ ವ್ಯಾಗನ್’ ಚಿತ್ರವನ್ನೇ ಅಣಕಿಸಿ ವಿಲ್ ರಾಜರ್ಸ್ ಮಾಡಿದ ‘ಟೂ ವ್ಯಾಗನ್ಸ್ ಬೋತ್ ಕವರ್ಡ್’ ಎಂಬ ಕಿರುಚಿತ್ರ 1924ರದು, ಅದೂ ಉಳಿದಿದೆ. ಮೊದಲು ಮೂಲ, ಆಮೇಲೆ ಅಣಕ, ಈ ಕ್ರಮದಲ್ಲಿ ನೋಡಿದರೆ ಒಳ್ಳೆಯದು.

ಪ್ರಶ್ನೆ: ನಮ್ಮ ಕಡೆಯ ಮೂಕಿ ಚಿತ್ರಗಳ ಗತಿಯೇನು? (ಮಂಗಳೂರಿನ ಓದುಗರು)

ಉತ್ತರ: ಇನ್ನೂ ಕೆಟ್ಟದ್ದು. ಗುಬ್ಬಿ ವೀರಣ್ಣನವರ ‘ಹಿಸ್ ಲವ್ ಅಫೇರ್’ ಇಂದು ಹೆಸರಾಗಿ ಮಾತ್ರ ಇದೆ. ನಿಮ್ಮ ಊರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು ಅಭಿನಯಿಸಿದ ‘ವಸಂತಸೇನಾ’ ಕೂಡ ಮೂಕಿ ಚಿತ್ರವೇ. ಅಷ್ಟೇಕೆ, 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿಯೇ ನಮ್ಮಲ್ಲಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ನಮ್ಮ ಸೆಕೆಯಲ್ಲಿ ನೈಟ್ರೇಟ್ ಅಷ್ಟು ವರ್ಷ ಕಾಯುವುದಿಲ್ಲ.

ಪ್ರಶ್ನೆ: ನಮ್ಮ ಅಜ್ಜ ಟೂರಿಂಗ್ ಟಾಕೀಸ್ ನಡೆಸುತ್ತಿದ್ದರು. ಅಟ್ಟದ ಮೇಲೆ ತುಕ್ಕು ಹಿಡಿದ ನಾಲ್ಕು ಡಬ್ಬಿಗಳಿವೆ. ತೆರೆದು ನೋಡಬಹುದೇ? (ಹಾಸನ ಜಿಲ್ಲೆಯ ಓದುಗರು)

ಉತ್ತರ: ನೋಡಬಹುದು, ಆದರೆ ಅಡುಗೆಮನೆಯಲ್ಲಿ ಅಲ್ಲ, ಬೀಡಿ ಸೇದುವವರ ಹತ್ತಿರವೂ ಅಲ್ಲ. ಡಬ್ಬಿಗಳನ್ನು ಹಗಲು ಹೊತ್ತಿನಲ್ಲಿ ಇಳಿಸಿ, ಗಾಳಿಯಾಡುವ ನೆರಳಿನ ಜಾಗದಲ್ಲಿಟ್ಟು, ಒಂದನ್ನು ಮಾತ್ರ ತೆರೆಯಿರಿ. ಫಿಲ್ಮಿನ ಅಗಲವನ್ನು ಅಳತೆಪಟ್ಟಿಯಲ್ಲಿ ನೋಡಿ. 16 ಮಿಲಿಮೀಟರಿನದಾದರೆ ಅದು ಸುರಕ್ಷಿತ ಫಿಲ್ಮು. 35 ಮಿಲಿಮೀಟರಿನದಾದರೆ ಅಂಚಿನ ರಂಧ್ರಗಳ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಸೇಫ್ಟಿ’ ಎಂದಿದೆಯೋ ‘ನೈಟ್ರೇಟ್’ ಎಂದಿದೆಯೋ ಓದಿ. ಏನೂ ಕಾಣದಿದ್ದರೆ ನೈಟ್ರೇಟ್ ಎಂದೇ ತಿಳಿಯಿರಿ. ಅಂಟಿಕೊಂಡ ಪದರಗಳನ್ನು ಬಿಡಿಸಬೇಡಿ, ಪ್ರೊಜೆಕ್ಟರಿಗೆ ಹಾಕಿ ಓಡಿಸಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಡಿ, ಬಸ್ಸಿನಲ್ಲಿ ಕಳಿಸಬೇಡಿ. ಡಬ್ಬಿಯ ಮೇಲಿನ ಚೀಟಿ ಮತ್ತು ಫಿಲ್ಮಿನ ಮೊದಲ ಒಂದೆರಡು ಅಡಿಗಳ ಫೋಟೊ ತೆಗೆದು ಪುಣೆಯ ಸಂಗ್ರಹಾಲಯಕ್ಕೆ ಬರೆಯಿರಿ. ಉತ್ತರ ಬರುವವರೆಗೆ ಡಬ್ಬಿಗಳನ್ನು ಹಂಚಿನ ಕೆಳಗಿನ ಅಟ್ಟಕ್ಕೆ ಮತ್ತೆ ಏರಿಸಬೇಡಿ. ಮನೆಗೆ ತಾಗದ, ತಂಪಾದ ಹೊರಕೋಣೆ ಇದ್ದರೆ ಅಲ್ಲಿರಲಿ. ಚೀಟಿಯ ಮೇಲೆ ಏನು ಬರೆದಿದೆ ಎಂಬುದನ್ನು ನಮಗೂ ತಿಳಿಸಿ.